ದಿನದ ಕ್ಯಾಲೊರಿ ಗುರಿ: ‘ಚಟುವಟಿಕೆಯ ಮಟ್ಟ’ ಯಾವುದನ್ನು ಆರಿಸಬೇಕು?

ಕಚೇರಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 38, ಎತ್ತರ 170 ಸೆಂ.ಮೀ., ತೂಕ 78 ಕಿಲೋ. ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ಕೆಲಸ ನನ್ನದು; ಬೆಳಿಗ್ಗೆ ಹತ್ತಕ್ಕೆ ಕುರ್ಚಿಯಲ್ಲಿ ಕುಳಿತರೆ ಮತ್ತೆ ಏಳುವುದು ಊಟಕ್ಕೆ, ಚಹಾಕ್ಕೆ ಅಥವಾ ಸಾಹೇಬರು ಕರೆದಾಗ ಮಾತ್ರ. ಹೋಗಿಬರುವುದು ಸ್ಕೂಟರಿನಲ್ಲಿ. ಆದರೆ ವಾರದಲ್ಲಿ ಐದು ದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದನ್ನು ತಪ್ಪಿಸುವುದಿಲ್ಲ.

ತೂಕ ಇಳಿಸಬೇಕೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಅದು ಕೇಳುವ ಚಟುವಟಿಕೆಯ ಮಟ್ಟದಲ್ಲಿ ‘ಸೆಡೆಂಟರಿ’ ಎಂದರೆ ಕುಳಿತು ಮಾಡುವ ಕೆಲಸದವರು, ‘ಮಾಡರೇಟ್ಲಿ ಆ್ಯಕ್ಟಿವ್’ ಎಂದರೆ ವಾರಕ್ಕೆ ಮೂರರಿಂದ ಐದು ದಿನ ವ್ಯಾಯಾಮ ಮಾಡುವವರು ಎಂದು ವಿವರಣೆ ಇದೆ. ಎರಡೂ ನಾನೇ! ಮೊದಲನೆಯದನ್ನು ಒತ್ತಿದರೆ ದಿನಕ್ಕೆ 1989 ಕ್ಯಾಲೊರಿ ಖರ್ಚಾಗುತ್ತದೆ ಎನ್ನುತ್ತದೆ, ಎರಡನೆಯದಕ್ಕೆ 2569. ನಡುವಿನ 580 ಕ್ಯಾಲೊರಿ ಎಂದರೆ ಸುಮಾರು 180 ಗ್ರಾಂ ರಾಗಿ ಹಿಟ್ಟು, ನಮ್ಮ ಮನೆಯ ಅಳತೆಯಲ್ಲಿ ಎರಡು ಮುದ್ದೆ. ಆ ಎರಡು ಮುದ್ದೆ ನನಗೆ ಸಲ್ಲುತ್ತವೆಯೋ ಇಲ್ಲವೋ ಎಂಬುದೇ ನನ್ನ ಪ್ರಶ್ನೆ.

ನಾನು ಎರಡನೆಯದನ್ನೇ ಆರಿಸಿ, ಅದರಲ್ಲಿ 500 ಕಳೆದು, ದಿನಕ್ಕೆ 2069ರ ಗುರಿ ಇಟ್ಟುಕೊಂಡೆ. ನಡಿಗೆಯ ದಿನಗಳಲ್ಲಿ ಕೈಗಡಿಯಾರ 270ರ ಆಸುಪಾಸಿನ ಕ್ಯಾಲೊರಿಯನ್ನು ಆ್ಯಪ್‌ಗೆ ತಾನಾಗಿಯೇ ಸೇರಿಸುತ್ತದೆ. ಅದನ್ನೂ ತಿಂದು ಮುಗಿಸುತ್ತೇನೆ. ಆರು ವಾರ ಕಳೆದರೂ ತೂಕದ ಮುಳ್ಳು ಅಲ್ಲಾಡಿಲ್ಲ. ಎಲ್ಲಿ ತಪ್ಪಿದ್ದೇನೆ ಎಂದು ತಿಳಿದವರು ದಯವಿಟ್ಟು ಹೇಳಿ.

ಲೆಕ್ಕಿಗ

ಸರ್, ತೊಡಕು ಇರುವುದು ಆ ಪ್ರಶ್ನೆಯಲ್ಲಿಯೇ. ‘ಚಟುವಟಿಕೆಯ ಮಟ್ಟ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಆ್ಯಪ್‌ಗಳು ಎರಡು ಬೇರೆ ಸಂಗತಿಗಳನ್ನು ಕೇಳುತ್ತವೆ, ಮತ್ತು ಯಾವುದನ್ನು ಕೇಳುತ್ತಿದ್ದೇವೆ ಎಂಬುದನ್ನು ಬಹುತೇಕ ಯಾವುವೂ ಸ್ಪಷ್ಟವಾಗಿ ಹೇಳುವುದಿಲ್ಲ.

ಮೊದಲು ಲೆಕ್ಕ ಹುಟ್ಟುವ ಬಗೆಯನ್ನು ನೋಡೋಣ. ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ ಬಡಿತ, ಮೈ ಬಿಸಿ ಇವುಗಳಿಗೆ ತಗಲುವ ಖರ್ಚನ್ನು, ಅಂದರೆ ಬಿಎಂಆರ್ ಅನ್ನು, ಹೆಚ್ಚಿನ ಆ್ಯಪ್‌ಗಳು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಿಂದ ಅಂದಾಜು ಮಾಡುತ್ತವೆ: ಕಿಲೋದಲ್ಲಿ ತೂಕವನ್ನು 10ರಿಂದಲೂ ಸೆಂ.ಮೀ.ನಲ್ಲಿ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಿ, ವಯಸ್ಸಿನ ಐದರಷ್ಟನ್ನು ಕಳೆದು, ಗಂಡಸರಾದರೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ನಿಮಗೆ ಇದು 1657 ಬರುತ್ತದೆ. ಇದನ್ನು ಸೆಡೆಂಟರಿಗೆ 1.2, ಅದರ ಮೇಲಿನ ‘ಲೈಟ್ಲಿ ಆ್ಯಕ್ಟಿವ್’ಗೆ 1.375, ಮಾಡರೇಟ್‌ಗೆ 1.55, ಹೀಗೆ 1.9ರವರೆಗಿನ ಗುಣಕಗಳಿಂದ ಗುಣಿಸುತ್ತಾರೆ. ನಿಮ್ಮ 1989 ಮತ್ತು 2569 ಬಂದಿರುವುದು ಹೀಗೆ.

ಈ ಗುಣಕಗಳಲ್ಲಿ ವ್ಯಾಯಾಮವೂ ಸೇರಿದೆ. ಆದ್ದರಿಂದಲೇ ವಿವರಣೆಯಲ್ಲಿ ‘ವಾರಕ್ಕೆ ಇಷ್ಟು ದಿನ ವ್ಯಾಯಾಮ’ ಎಂದಿರುತ್ತದೆ. ಮೈಫಿಟ್‌ನೆಸ್‌ಪಾಲ್‌ನಂಥ ಆ್ಯಪ್‌ಗಳ ಕ್ರಮ ಬೇರೆ: ಅಲ್ಲಿ ವ್ಯಾಯಾಮ ಬಿಟ್ಟು ಉಳಿದ ದಿನವನ್ನು ಹೇಗೆ ಕಳೆಯುತ್ತೀರಿ ಎಂದಷ್ಟೇ ಹೇಳಬೇಕು, ವ್ಯಾಯಾಮವನ್ನು ಆಯಾ ದಿನ ದಾಖಲಿಸಿದಾಗ ಅದು ಗುರಿಗೆ ಸೇರಿಕೊಳ್ಳುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಒಂದು ನಡಿಗೆಯನ್ನು ಬರೆದು ನೋಡಿದರೆ ಸಾಕು. ಆ ದಿನದ ಗುರಿ ಮೇಲೇರಿತೇ? ಹಾಗಿದ್ದರೆ ಮಟ್ಟವನ್ನು ಆರಿಸುವಾಗ ವ್ಯಾಯಾಮವನ್ನು ಮರೆತುಬಿಡಬೇಕು. ನೀವು ಮಟ್ಟದಲ್ಲೂ ನಡಿಗೆಯನ್ನು ಎಣಿಸಿದ್ದೀರಿ, ಗಡಿಯಾರದಿಂದಲೂ ಎಣಿಸಿದ್ದೀರಿ. ಒಂದೇ ಬಿಲ್ಲಿಗೆ ಎರಡು ಸಲ ಹಣ ಪಾವತಿಯಾದಂತೆ. ಕಡತದ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಡಿಯಾರದ 270 ಕೂಡ ಹೆಚ್ಚೇ. ಬಿರುಸು ನಡಿಗೆಗೆ, ವಿಶ್ರಾಂತಿಯಲ್ಲಿ ಆಗುವ ಖರ್ಚಿನ ಸುಮಾರು ನಾಲ್ಕರಷ್ಟು ಬೇಕು. ವಿಶ್ರಾಂತಿಯ ಖರ್ಚು ಗಂಟೆಗೆ ಕಿಲೋವೊಂದಕ್ಕೆ ಹೆಚ್ಚು ಕಡಿಮೆ ಒಂದು ಕ್ಯಾಲೊರಿ. 78 ಕಿಲೋದವರಿಗೆ ಮುಕ್ಕಾಲು ಗಂಟೆಗೆ 234 ಆಯಿತು. ಅದರಲ್ಲೂ 58ರಷ್ಟು ನೀವು ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರೂ ಖರ್ಚಾಗುತ್ತಿತ್ತು, ಮತ್ತು ಅದು ಬಿಎಂಆರ್ ಲೆಕ್ಕದಲ್ಲಿ ಆಗಲೇ ಬಂದಿದೆ. ನಡಿಗೆಯಿಂದ ನಿಜಕ್ಕೂ ಹೆಚ್ಚಾದದ್ದು 175. ಐದು ದಿನದ್ದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 125. ಹಾಗಾಗಿ ನನ್ನ ಅಂದಾಜಿನಲ್ಲಿ ನಿಮ್ಮ ದಿನದ ಖರ್ಚು 1989 ಕೂಡಿಸು 125, ಅಂದರೆ 2114. ನೀವು ತಿನ್ನುತ್ತಿರುವುದಾದರೋ 2069ಕ್ಕೆ ಗಡಿಯಾರದ ಸರಾಸರಿ 193 ಸೇರಿ 2262. ಮುಳ್ಳು ಅಲ್ಲಾಡದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ‘ಸೆಡೆಂಟರಿ’ ಒತ್ತಿರಿ.

ತೋಟದಮನೆ

ಸಾಗರದ ಕಡೆಯವಳು, ವಯಸ್ಸು 48. ಇದೇ ಪ್ರಶ್ನೆಯಲ್ಲಿ ನಾನೂ ಒಂದು ವರ್ಷ ಎಡವಿದ್ದೇನೆ, ಆದರೆ ಬೇರೆ ಕಾರಣಕ್ಕೆ. ಬೆಳಗಿನ ಐದಕ್ಕೆ ಎದ್ದವಳು ರಾತ್ರಿ ಹತ್ತಕ್ಕೆ ಮಲಗುವಷ್ಟರಲ್ಲಿ ಮೈ ನುಗ್ಗುನುರಿ ಆಗಿರುತ್ತದೆ. ಹೀಗಿರುವಾಗ ನಾನು ‘ಆ್ಯಕ್ಟಿವ್’ ಅಲ್ಲದಿದ್ದರೆ ಮತ್ತಾರು ಎಂದುಕೊಂಡು ಮೇಲಿನ ಮಟ್ಟವನ್ನೇ ಒತ್ತಿದ್ದೆ. ಕೊಯ್ಲಿನ ತಿಂಗಳುಗಳಲ್ಲಿ ಅಂತೂ ಸಂಶಯವೇ ಇರಲಿಲ್ಲ.

ಒಂದು ದಿನ ಮಗಳು ಪಕ್ಕದಲ್ಲಿ ಕುಳಿತು ನನ್ನ ದಿನವನ್ನು ಗಂಟೆಗಂಟೆಗೆ ಬರೆದಳು. ಕೊಯ್ಲಿನ ಹೊತ್ತಿನಲ್ಲಿ ನನಗೆ ಅತಿ ಹೆಚ್ಚು ದಣಿವು ತರುವ ಕೆಲಸ ಅಡಿಕೆ ಸುಲಿಯುವುದು. ಅದನ್ನು ಮಾಡುವುದೋ ಕುಳಿತು, ಕೆಲವೊಮ್ಮೆ ಆರು ಗಂಟೆ ಒಂದೇ ಸಮನೆ. ಸೊಂಟ ಹಿಡಿಯುತ್ತದೆ, ಬೆರಳು ಕರೆಗಟ್ಟುತ್ತದೆ, ಕಣ್ಣು ಎಳೆಯುತ್ತದೆ, ಆದರೆ ಕಾಲು, ತೊಡೆ, ಬೆನ್ನಿನ ದೊಡ್ಡ ಸ್ನಾಯುಗಳಿಗೆ ಏನೂ ಕೆಲಸವಿಲ್ಲ. ಅದಕ್ಕಿಂತ ಹೆಚ್ಚು ಖರ್ಚಾಗುವುದು ನಾನು ಲೆಕ್ಕಕ್ಕೇ ಇಡದ ಕೆಲಸಗಳಲ್ಲಿ: ಇಳಿಜಾರಿನ ತೋಟಕ್ಕೆ ದಿನಕ್ಕೆ ಎರಡು ಸಲ ಹತ್ತಿ ಇಳಿಯುವುದು, ಕೊಟ್ಟಿಗೆಗೆ ಸೊಪ್ಪಿನ ಹೊರೆ ತರುವುದು. ಮಳೆಗಾಲದ ಜಡಿಯಲ್ಲಿ ಅವೂ ಕಡಿಮೆಯಾಗುತ್ತವೆ, ಬಾಯಾಡಿಸುವುದು ಮಾತ್ರ ಹೆಚ್ಚುತ್ತದೆ. ಈಗ ನಾನು ಮಟ್ಟವನ್ನು ವರ್ಷಕ್ಕೆ ಎರಡು ಸಲ ಬದಲಿಸುತ್ತೇನೆ. ಎಷ್ಟು ದಣಿದೆ ಎಂದು ಕೇಳಿಕೊಳ್ಳದೆ, ಎಷ್ಟು ಹೊತ್ತು ಕಾಲ ಮೇಲೆ ಇದ್ದೆ ಎಂದು ಕೇಳಿಕೊಳ್ಳುತ್ತೇನೆ.

ಪಥ್ಯದ ಮೇಡಂ

ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿರುವವಳು. ಎರಡು ಸಲ ಎಣಿಸುವ ತಪ್ಪಿನ ಬಗ್ಗೆ ಲೆಕ್ಕಿಗ ಅವರು ಬರೆದಿರುವುದು ಸರಿ; ಆದರೆ ‘ಸೆಡೆಂಟರಿ ಒತ್ತಿರಿ’ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. 1.2 ಎಂಬುದು ಹಾಸಿಗೆ ಅಥವಾ ಕುರ್ಚಿಯನ್ನು ಬಿಟ್ಟೇಳದವರಿಗೆ ಹತ್ತಿರವಾದ ಅಂಕಿ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಸೇರಿ ಸಿದ್ಧಪಡಿಸಿದ ವರದಿಯಲ್ಲಿ ಕುಳಿತು ಬದುಕುವವರ ಮಟ್ಟವೇ 1.40ರಿಂದ ಶುರುವಾಗಿ 1.69ರವರೆಗೆ ಹೋಗುತ್ತದೆ; 1.70ರಿಂದ 1.99 ಮಧ್ಯಮ, 2.00ರ ಮೇಲಿನದು ಕಠಿಣ ಶ್ರಮ. ಸ್ನಾನ ಮಾಡಿ, ಬಟ್ಟೆ ತೊಟ್ಟು, ಸ್ಕೂಟರ್ ಓಡಿಸಿ, ಕಚೇರಿಯ ಮೆಟ್ಟಿಲು ಹತ್ತುವ ಮನುಷ್ಯ 1.2ರಲ್ಲಿ ಇರುವುದಿಲ್ಲ.

ಅದೇ ವರದಿಯ ಕ್ರಮದಲ್ಲಿ ಕಚೇರಿವಾಸಿಯವರ ಇಪ್ಪತ್ತನಾಲ್ಕು ಗಂಟೆಯನ್ನು ಊಹಿಸಿ ಹಂಚಿ ನೋಡಿದೆ. ಏಳೂವರೆ ಗಂಟೆ ನಿದ್ದೆಗೆ ಬಿಎಂಆರ್‌ನ ಒಂದರಷ್ಟು, ಎಂಟು ಗಂಟೆ ಕಚೇರಿಯ ಕೆಲಸಕ್ಕೆ ಒಂದೂವರೆಯಷ್ಟು, ಸ್ನಾನ ಇತ್ಯಾದಿಯ ಒಂದು ಗಂಟೆಗೆ 2.3, ಊಟ ತಿಂಡಿಯ ಒಂದು ಗಂಟೆಗೆ 1.5, ಸ್ಕೂಟರಿನ ಒಂದು ಗಂಟೆಗೆ 2, ಅರ್ಧ ಗಂಟೆಯ ಮನೆಗೆಲಸಕ್ಕೆ 2.8, ನಡಿಗೆಯ ಮುಕ್ಕಾಲು ಗಂಟೆಗೆ 4, ಉಳಿದ ನಾಲ್ಕೂಕಾಲು ಗಂಟೆ ಟಿ.ವಿ., ಫೋನು, ಮಾತುಕತೆಗೆ 1.4. ಎಲ್ಲ ಸೇರಿಸಿ 24ರಿಂದ ಭಾಗಿಸಿದರೆ ನಡಿಗೆಯ ದಿನ 1.49, ನಡೆಯದ ದಿನ 1.40, ವಾರದ ಸರಾಸರಿ 1.46. ಮುಕ್ಕಾಲು ಗಂಟೆಯ ಬಿರುಸು ನಡಿಗೆ ಆ ಗುಣಕವನ್ನು ಎಷ್ಟು ಕಡಿಮೆ ಮೇಲೆತ್ತುತ್ತದೆ ಎಂಬುದನ್ನು ಗಮನಿಸಿ. ದಿನದ ಉಳಿದ ಇಪ್ಪತ್ತಮೂರು ಕಾಲು ಗಂಟೆಯ ಭಾರವೇ ಹೆಚ್ಚು.

ಈ 1.46ಕ್ಕೆ 2420 ಬರುತ್ತದೆ. ಆದರೆ ನಾನು ಅಷ್ಟನ್ನೂ ಕೊಡಲಾರೆ. ಹೊರದೇಶದವರ ಅಳತೆಗಳಿಂದ ಬಂದ ಸೂತ್ರಗಳು ಭಾರತೀಯರ ಬಿಎಂಆರ್ ಅನ್ನು ಸ್ವಲ್ಪ ಹೆಚ್ಚಾಗಿ ತೋರಿಸುತ್ತವೆ ಎಂಬುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಯನಗಳಲ್ಲಿಯೂ ಕಂಡುಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರು 2010ರಲ್ಲಿ ಈ ಕಾರಣಕ್ಕೆ ಅಂತರರಾಷ್ಟ್ರೀಯ ಸೂತ್ರದಿಂದ ಶೇ. 5ರಷ್ಟನ್ನು ಇಳಿಸಿಕೊಂಡಿದ್ದರು. ಅದು ಬೇರೆ ಸೂತ್ರದ ಮಾತಾದರೂ, ಆ ಎಚ್ಚರವನ್ನು ಇಲ್ಲಿಯೂ ಇಟ್ಟುಕೊಂಡರೆ 2300ರ ಹತ್ತಿರ ಬರುತ್ತೇವೆ. ಆ್ಯಪ್‌ನ ‘ಲೈಟ್ಲಿ ಆ್ಯಕ್ಟಿವ್’ ಕೊಡುವುದು 2279. ಹಾಗಾಗಿ ಅದನ್ನೇ ಆರಿಸಿ, ನಡಿಗೆ ಅದರಲ್ಲೇ ಸೇರಿದೆ ಎಂದು ತಿಳಿದು, ಗಡಿಯಾರದಿಂದ ಕ್ಯಾಲೊರಿ ಸೇರುವುದನ್ನು ನಿಲ್ಲಿಸಿಬಿಡಿ.

ಒಂದು ಮಾತು ಪ್ರಾಸಂಗಿಕವಾಗಿ. ನಮ್ಮ ಐಸಿಎಂಆರ್ ವರ್ಗೀಕರಣದಲ್ಲಿ ಇರುವುದು ಮೂರೇ ಮಟ್ಟ, ಮತ್ತು ಅದು ನೋಡುವುದು ಕಸುಬನ್ನು. ಶಿಕ್ಷಕರು, ದರ್ಜಿಗಳು, ಪುರೋಹಿತರು, ಅಷ್ಟೇಕೆ, ಅಂಚೆಯವರು ಕೂಡ ಮೊದಲ ಮಟ್ಟದಲ್ಲಿ ಬರುತ್ತಾರೆ. ಬಡಗಿ, ಗಾರೆಯವರು, ಕೃಷಿ ಕಾರ್ಮಿಕರು ಎರಡನೆಯದರಲ್ಲಿ. ಕಲ್ಲು ಒಡೆಯುವವರು, ಕಮ್ಮಾರರು ಮೂರನೆಯದರಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ 65 ಕಿಲೋ ತೂಕದ ಗಂಡಸಿಗೆ ಈ ಮೂರು ಮಟ್ಟಗಳಲ್ಲಿ ಕ್ರಮವಾಗಿ 2110, 2710, 3470 ಕ್ಯಾಲೊರಿ. ಗಾರೆಯವನ ಸಾಲಿನಲ್ಲಿ ನಿಂತು ನೋಡಿದರೆ ನಮ್ಮ ಬೆಳಗಿನ ನಡಿಗೆಗೆ ‘ಮಾಡರೇಟ್’ ಎಂಬ ಪದವಿ ಕೊಡಲು ಸ್ವಲ್ಪ ನಾಚಿಕೆಯಾಗುತ್ತದೆ.

ಯಾವ ಮಟ್ಟವನ್ನು ಆರಿಸಿದರೂ ಅದು ಮೊದಲ ಊಹೆ ಮಾತ್ರ. ದಿನಕ್ಕೆ 1900ರ ಗುರಿ ಇಟ್ಟುಕೊಂಡು, ಬೆಳಿಗ್ಗೆ ಶೌಚ ಮುಗಿಸಿ ಏನನ್ನೂ ತಿನ್ನುವ ಮೊದಲು ದಿನವೂ ತೂಕ ನೋಡಿ ಬರೆಯಿರಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸಿ. ಮೊದಲ ವಾರದ ಇಳಿತದಲ್ಲಿ ನೀರಿನ ಪಾಲು ದೊಡ್ಡದಾದ್ದರಿಂದ ಅದನ್ನು ಬಿಟ್ಟುಬಿಡಿ. ಆಮೇಲಿನ ನಾಲ್ಕು ವಾರದಲ್ಲಿ ಇಳಿದ ಕಿಲೋಗಳನ್ನು 7700ರಿಂದ (ಒಂದು ಕಿಲೋ ಇಳಿಯಲು ಬೇಕಾಗುವ ಕ್ಯಾಲೊರಿ ಕೊರತೆಯ ಅಂದಾಜು) ಗುಣಿಸಿ 28ರಿಂದ ಭಾಗಿಸಿದರೆ ದಿನದ ಕೊರತೆ ಸಿಗುತ್ತದೆ. ಅದನ್ನು ತಿಂದದ್ದಕ್ಕೆ ಕೂಡಿಸಿದರೆ ನಿಮ್ಮ ನಿಜವಾದ ಖರ್ಚು. ಒಗ್ಗರಣೆಯ ಎಣ್ಣೆಯನ್ನು ಕಣ್ಣಳತೆಯಲ್ಲಿ ಬರೆಯಬೇಡಿ, ದೊಡ್ಡ ಚಮಚವೊಂದಕ್ಕೆ 120 ಕ್ಯಾಲೊರಿಗೂ ಹೆಚ್ಚು ಇರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ಹೀಗೆ ಇಳಿಸಬಾರದು.

ಲೆಕ್ಕಿಗ

ಮೇಡಂ, 1.2ರ ವಿಷಯದಲ್ಲಿ ನನ್ನದು ತಪ್ಪಾಯಿತು. ವ್ಯಾಯಾಮವನ್ನು ಬೇರೆಯಾಗಿ ಎಣಿಸಿದ್ದು ಸರಿಯಿದ್ದರೂ ತಳದ ಅಂಕಿಯೇ ಕಡಿಮೆಯಾಗಿತ್ತು.

ಕಚೇರಿವಾಸಿ

ಐದು ವಾರದ ಬಳಿಕ ಬರೆಯುತ್ತಿದ್ದೇನೆ. ಗಡಿಯಾರ ಮತ್ತು ಆ್ಯಪ್‌ನ ನಂಟು ತಪ್ಪಿಸಿ, ‘ಲೈಟ್ಲಿ ಆ್ಯಕ್ಟಿವ್’ ಇಟ್ಟು, ಸರಾಸರಿ 1900 ತಿಂದೆ. ಮನೆಯವರು ಎಣ್ಣೆಯ ಡಬ್ಬಿಯನ್ನು ಅಡುಗೆಗೆ ಮೊದಲು ಮತ್ತು ಆಮೇಲೆ ತಕ್ಕಡಿಯಲ್ಲಿಟ್ಟು ತೂಗಿ ಕೊಡುತ್ತಿದ್ದರು. ಮೂರು ಜನರ ಪಲ್ಯಕ್ಕೆ ಎರಡು ಚಮಚ ಎಂದು ನಾನು ಬರೆಯುತ್ತಿದ್ದುದು ನಿಜದಲ್ಲಿ ನಾಲ್ಕು ಚಮಚವಾಗಿತ್ತು. ಮೊದಲ ವಾರವನ್ನು ಬಿಟ್ಟು ನಾಲ್ಕು ವಾರದಲ್ಲಿ 77.1ರಿಂದ 75.9ಕ್ಕೆ ಇಳಿದಿದ್ದೇನೆ. 1.2 ಕಿಲೋವನ್ನು ಮೇಡಂ ಹೇಳಿದಂತೆ ಲೆಕ್ಕ ಹಾಕಿದರೆ ದಿನಕ್ಕೆ 330ರ ಕೊರತೆ, ಅಂದರೆ ನನ್ನ ಖರ್ಚು 2230. ಮೊದಲ ದಿನದ 1657ರಿಂದ ಭಾಗಿಸಿದಾಗ 1.35 ಬಂತು. ಕೇಳಿದ್ದ ಎರಡು ಮುದ್ದೆಯಲ್ಲಿ ಒಂದಕ್ಕೂ ತುಸು ಕಡಿಮೆಯೇ ನನ್ನ ಪಾಲಿಗೆ ಬಂದಿದೆ. ತೂಕ ಇಳಿದಂತೆಲ್ಲ ಗುರಿಯನ್ನೂ ಮತ್ತೆ ಮತ್ತೆ ಇಳಿಸಬೇಕೇ?

ಲೆಕ್ಕಿಗ

ಇಷ್ಟಕ್ಕೆ ಬೇಡ ಸರ್. ಎರಡು ಕಿಲೋ ಇಳಿದರೆ ಸೂತ್ರದ ಪ್ರಕಾರ ಬಿಎಂಆರ್ ಇಳಿಯುವುದು 20 ಕ್ಯಾಲೊರಿ, ಅದು ಎಣ್ಣೆಯ ಡಬ್ಬಿಯ ಲೆಕ್ಕದಲ್ಲೇ ಮುಳುಗಿಹೋಗುತ್ತದೆ. 73 ಕಿಲೋಗೆ ಬಂದಾಗ ಇನ್ನೊಮ್ಮೆ ಲೆಕ್ಕ ಹಾಕಿಕೊಳ್ಳಿ. ಅಷ್ಟರೊಳಗೆ ವರ್ಗಾವಣೆಯಾಗಿ ಹೊರಗಡೆ ಓಡಾಟದ ಕೆಲಸ ಬಂದರೆ ಮಾತ್ರ ಮೊದಲೇ ಹಾಕಿ.