ಸೊಂಟ ನೋವಿಗೆ ಟಿಜಾನಿಡಿನ್: ಏನೇನು ಜಾಗ್ರತೆ ಬೇಕು?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಗೊಬ್ಬರದ ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿದೆ. ಡಾಕ್ಟರು ಸ್ನಾಯು ಸಡಿಲಿಸುವ ಟಿಜಾನಿಡಿನ್ 2 ಎಂಜಿ ಬರೆದಿದ್ದಾರೆ. ಬಿಪಿ ಮಾತ್ರೆ ಮೊದಲಿನಿಂದಲೂ ಇದೆ. ಈಗ ಎದ್ದರೆ ತಲೆ ತಿರುಗುತ್ತದೆ, ಬಾಯಿ ಒಣಗುತ್ತದೆ ಅನ್ನುತ್ತಾರೆ. ಆದರೂ ಸ್ಕೂಟರ್ ಬಿಡುವವರಲ್ಲ. ಮನೆಯಲ್ಲಿ ಇಂಥ ಮಾತ್ರೆ ತಗೊಂಡವರಿದ್ದರೆ ಹೇಳಿ.

ಹಾಸನದಿಂದ: ಮೊದಲು ಸ್ಕೂಟರ್ ಕೀ ತೆಗೆದಿಡಿ, ಆಮೇಲೆ ಉಳಿದ ಮಾತು. ಟಿಜಾನಿಡಿನ್ ಮಂಪರು ತರುವುದಷ್ಟೇ ಅಲ್ಲ, ಬಿಪಿಯನ್ನೂ ಇಳಿಸುತ್ತದೆ. ಜೊತೆಗೆ ಬಿಪಿ ಮಾತ್ರೆಯೂ ಇದ್ದರೆ ಇನ್ನೂ ಜಾಸ್ತಿ. ನಮ್ಮ ಅತ್ತೆ ಹಗಲೆಲ್ಲ ಚೆನ್ನಾಗಿಯೇ ಇರುತ್ತಿದ್ದರು. ರಾತ್ರಿ ಬಚ್ಚಲಿಗೆ ಹೋಗಲು ಸರ್ರನೆ ಎದ್ದವರು ಬಾಗಿಲು ಹಿಡಿದುಕೊಂಡೇ ಕುಸಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಮೇಲಿಂದ ಮಂಚದಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಏಳುವ ಅಭ್ಯಾಸ ಮಾಡಿಸಿದೆವು. ದಾರಿಯಲ್ಲಿದ್ದ ಕಾಲೊರಸು ತೆಗೆದೆವು, ರಾತ್ರಿಯಿಡೀ ಒಂದು ಸಣ್ಣ ಬಲ್ಬ್ ಉರಿಯುತ್ತದೆ. ತಲೆ ತಿರುಗುವುದನ್ನು ಡಾಕ್ಟರಿಗೆ ಇವತ್ತೇ ಹೇಳಿ. ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ.

ಮೆಡಿಕಲ್ ಶಾಪ್ ಇಟ್ಟಿರುವವರು: ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಈ ವಯಸ್ಸಿನ ಗಂಡಸರಿಗೆ ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನಡೆಯುತ್ತಿರುತ್ತದೆ, ಅದೂ ಬಿಪಿ ಇಳಿಸುತ್ತದೆ. ಯಾರೂ ಹೇಳುವುದಿಲ್ಲ, ನಾವು ಕೇಳಿದರೇ ಹೊರಗೆ ಬರುವುದು! ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಅಂತೂ ಟಿಜಾನಿಡಿನ್ ಜೊತೆ ಬೇಡವೇ ಬೇಡ. ರಕ್ತದಲ್ಲಿ ಟಿಜಾನಿಡಿನ್ ಪ್ರಮಾಣ ಹಲವು ಪಟ್ಟು ಏರುತ್ತದೆ. ಭೇದಿಗೆ, ಉರಿಮೂತ್ರಕ್ಕೆ ಹಳೇ ಸ್ಟ್ರಿಪ್‌ನಲ್ಲಿ ಉಳಿದದ್ದನ್ನು ಸುಮ್ನೆ ನುಂಗುವವರು ಇದ್ದಾರಲ್ವಾ, ಅದಕ್ಕೇ ಹೇಳಿದೆ. ಶೀತಕ್ಕೆ ತಗೊಳ್ಳುವ ಸಿಟ್ರಿಜಿನ್ ಕೂಡ ಮಂಪರು ಹೆಚ್ಚಿಸುತ್ತದೆ. ಇನ್ನೊಂದು, ಸ್ನಾಯು ಸಡಿಲಿಸುವ ಔಷಧಿಯ ಜೊತೆ ಪ್ಯಾರಾಸಿಟಮಾಲ್ ಸೇರಿಸಿದ ಮಾತ್ರೆಗಳು ಬೇಕಾದಷ್ಟಿವೆ. ಸ್ಟ್ರಿಪ್ ಹಿಂದೆ ಏನಿದೆ ಅಂತ ಓದದೆ ಮೇಲೊಂದು ಡೋಲೋ ಕೊಡಬೇಡಿ, ಅದೂ ಪ್ಯಾರಾಸಿಟಮಾಲೇ.

ಶಿವಮೊಗ್ಗದಿಂದ: ಚಿಕ್ಕಪ್ಪನಿಗೆ ಸ್ಟ್ರೋಕ್ ಆದಮೇಲೆ ಕೈ ಬಿಗಿದುಕೊಂಡಿದೆ. ಬಿಗಿತ ಸಡಿಲಿಸಲು ಬಹಳ ಕಾಲದಿಂದ ಬ್ಯಾಕ್ಲೋಫೆನ್ ಮಾತ್ರೆ ನಡೆಯುತ್ತಿದೆ. ನಾಲ್ಕು ದಿನದ ಸೊಂಟ ನೋವಿನ ಮಾತ್ರೆಯಂತಲ್ಲ ಇದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು. ಹಬ್ಬದ ರಜೆ ಬರುವ ಮುಂಚೆಯೇ ಸ್ಟ್ರಿಪ್ ತಂದಿಡುತ್ತೇವೆ. ಕಿಡ್ನಿ ತೊಂದರೆ ಇರುವವರಿಗೆ ಕಡಿಮೆ ಡೋಸ್‌ನಲ್ಲೂ ಇದು ತಲೆಗೇರುತ್ತದೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿಯೇ ಶುರು ಮಾಡಿ. ಟಿಜಾನಿಡಿನ್ ಕೂಡ ಜಾಸ್ತಿ ದಿನ, ಜಾಸ್ತಿ ಡೋಸ್ ತಗೊಂಡಿದ್ದರೆ ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ಬಿಪಿ ಮೇಲಕ್ಕೆ ಹಾರುತ್ತದೆ.

ಹುಬ್ಬಳ್ಳಿಯಿಂದ: ಅಪ್ಪನ ಸ್ಟ್ರಿಪ್‌ನಲ್ಲಿ ಉಳಿದದ್ದು ಮನೆಯ ಹೆಣ್ಣುಮಕ್ಕಳಿಗೆ ದಾಟದಂತೆ ನೋಡಿಕೊಳ್ಳಿ. ನನಗೆ ಕುತ್ತಿಗೆ ನೋವಿಗೆ ಬರೆದದ್ದು ಥಯೋಕಾಲ್ಚಿಕೋಸೈಡ್, ಅದೂ ಸ್ನಾಯು ಸಡಿಲಿಸುವ ಮಾತ್ರೆಯೇ. ಬಸುರಿಯಾ ಅಂತ ಡಾಕ್ಟರು ಮೊದಲೇ ಕೇಳಿದರು. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಅದನ್ನು ಕೊಡುವಂತಿಲ್ಲ. ಈ ಮಾತ್ರೆ 7 ದಿನ ಮೀರಬಾರದು ಅಂತ ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ.

ಮಂಡ್ಯದಿಂದ: ಸಂಜೆ ಒಂದು ಪೆಗ್ ಅಭ್ಯಾಸ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಕುಡಿತದ ಜೊತೆ ಈ ಮಾತ್ರೆ ಸೇರಿದರೆ ನಿದ್ದೆಯಲ್ಲ, ಪ್ರಜ್ಞೆಯೇ ತಪ್ಪಬಹುದು. ಕಣ್ಣು ಹಳದಿಯಾದರೆ ಲಿವರ್ ನೋಡಿಸಬೇಕು. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ನಿಧಾನವಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸ್ಟ್ರಿಪ್ ಕೂಡ ಜೊತೆಗೆ ತಗೊಂಡು ಹೋಗಿ.