84,000 ಓಡಿದ ಫಳಫಳ ಗಾಡಿನಾ, 1,32,000 ಓಡಿದ ಮಾಸಲು ಗಾಡಿನಾ?

ನಿಧಾನಸವಾರ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕಿ ಹುಡುಕಿ ತಲೆ ಕೆಟ್ಟು ಕೂತಿದ್ದೀನಿ. ಮಿಡ್‌ಸೈಜೇ ಯಾಕೆ ಅಂದ್ರೆ, ಮನೇಲಿ ಐದು ಜನ, ಅಮ್ಮನಿಗೆ ಮಂಡಿನೋವು. ಈಗಿರೋ ಸಣ್ಣ ಕಾರಲ್ಲಿ ಕೂರೋದು ಅಂದ್ರೆ ಅವರಿಗೆ ಬಾವಿಗೆ ಇಳಿದ ಹಾಗೆ, ಏಳೋವಾಗ ಇಬ್ಬರು ಕೈ ಹಿಡಿದು ಎಳೀಬೇಕು. ದೊಡ್ಡ ಎಸ್‌ಯುವಿಗಳಿಗೆ ಹತ್ತೋಕೇ ಆಗಲ್ಲ. ಸೀಟು ಅವರ ಸೊಂಟದ ಮಟ್ಟಕ್ಕಿರಬೇಕು, ಹಿಂದೆ ತಿರುಗಿ ಸುಮ್ಮನೆ ಕೂತುಬಿಡೋ ಹಾಗೆ.

ಕೊನೆಗೆ ಎರಡು ಗಾಡಿಗೆ ಬಂದು ನಿಂತಿದೆ. ಮಾಡೆಲ್ ಹೆಸರು ಬೇಕಂತಲೇ ಹೇಳ್ತಿಲ್ಲ. ಹೇಳಿದ ತಕ್ಷಣ ಆ ಕಂಪನಿ ಮೇಲು, ಈ ಕಂಪನಿ ಮೇಲು ಅಂತ ಶುರುವಾಗಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತೆ.

ಒಂದು, ಡೀಸೆಲ್ ಆಟೊಮ್ಯಾಟಿಕ್. ಏಳು ವರ್ಷ, 84,000 ಕಿ.ಮೀ., ಒಬ್ಬರೇ ಓನರ್. ಕನ್ನಡಿ ಥರ ಹೊಳೀತಿದೆ, ಇಂಜಿನ್ನೂ ತೊಳೆದು ಇಟ್ಟಿದ್ದಾರೆ. ಸರ್ವೀಸ್ ಪುಸ್ತಕದಲ್ಲಿ 40,000ದ ತನಕ ಸೀಲು ಇದೆ, ಆಮೇಲಿನದ್ದೆಲ್ಲ ‘ಹೊರಗಡೆ ಮಾಡಿಸಿದ್ದು’ ಅಂತಾರೆ.

ಇನ್ನೊಂದು, ಪೆಟ್ರೋಲ್ ಆಟೊಮ್ಯಾಟಿಕ್, ಆಲ್ ವೀಲ್ ಡ್ರೈವ್. ಒಂಬತ್ತು ವರ್ಷ, 1,32,000. ಇಬ್ಬರ ಕೈ ದಾಟಿದೆ. ಹೆಡ್‌ಲೈಟ್ ಹಳದಿ, ಬಂಪರ್ ತುಂಬಾ ಗೀರು, ಹಿಂದಿನ ಬಾಗಿಲಲ್ಲಿ ಅಂಗೈಯಷ್ಟು ಡೆಂಟು. ಆದ್ರೆ ಮಾರ್ತಿರೋ ಹಿರಿಯರ ಹತ್ರ ಒಂದು ದಪ್ಪ ಫೈಲಿದೆ. ವೈಪರ್ ಬ್ಲೇಡ್ ಹಾಕಿಸಿದ ಬಿಲ್ಲನ್ನೂ ಬಿಟ್ಟಿಲ್ಲ ಪುಣ್ಯಾತ್ಮರು.

ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ನನ್ನ ಓಡಾಟ ದಿನಾ ನಾಲ್ಕು ಕಿ.ಮೀ. ಹೋಗೋದು, ನಾಲ್ಕು ಬರೋದು, ಎರಡು ತಿಂಗಳಿಗೊಮ್ಮೆ ದೂರ ಪ್ರಯಾಣ. ಮನಸ್ಸು ಮೊದಲನೇದರ ಕಡೆ ಎಳೀತಿದೆ. ನಮ್ಮನೆಯವಳದ್ದೂ ಅದೇ. ಏನ್ಮಾಡ್ಲಿ?

ಎರಡನೇಗೇರ್

ಇಂಜಿನ್ ತೊಳೆದಿಟ್ಟಿದ್ದಾರೆ ಅಂದಲ್ಲೇ ನನಗೆ ಅನುಮಾನ ಬಂತು. ಆಯಿಲ್ ಜಿನುಗೋ ಕಡೆ ಧೂಳು ಕಪ್ಪಗೆ ಅಂಟಿಕೊಂಡಿರುತ್ತೆ, ನಮ್ಮಂಥೋರಿಗೆ ಅದೇ ಗುರುತು. ತೊಳೆದ್ರೆ ಅದೂ ಹೋಯ್ತು.

ಗ್ರೀಸ್‌ಕೈ

ನಿಧಾನಸವಾರರೇ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬರಹದ ಕೊನೇ ಪ್ಯಾರಾದಲ್ಲೇ ಇದೆ. ದಿನಾ ನಾಲ್ಕು ಕಿ.ಮೀ. ಓಡಿಸೋರಿಗೆ ಈಚಿನ ಡೀಸೆಲ್ ಯಾಕೆ?

ಈ ಗಾಡಿಗಳ ಸೈಲೆನ್ಸರ್ ಸಾಲಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಮಸಿಯನ್ನೆಲ್ಲ ಹಿಡಿದಿಟ್ಟುಕೊಂಡು ಆಗಾಗ ಸುಟ್ಟು ಹಾಕೋದು ಅದರ ಕೆಲಸ. ಸುಡೋಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಹೈವೇಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿದ್ರೆ ಬಿಸಿ ಏರುತ್ತೆ, ಕೆಲಸ ಮುಗಿಯುತ್ತೆ. ನಾಲ್ಕು ಕಿ.ಮೀ. ಓಡಿ ಆಫ್ ಮಾಡಿದ್ರೆ ಇಂಜಿನ್ನೇ ಸರಿಯಾಗಿ ಬಿಸಿ ಆಗಿರಲ್ಲ. ಆಗ ಕಂಪ್ಯೂಟರ್ ಏನ್ಮಾಡುತ್ತೆ ಅಂದ್ರೆ, ಬಿಸಿ ಏರಿಸೋಕೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತೆ. ನೀವು ಅರ್ಧಕ್ಕೇ ಕೀ ತಿರುಗಿಸ್ತೀರಿ. ಸುಡದೆ ಉಳಿದ ಡೀಸೆಲ್ ಬಹಳಷ್ಟು ಇಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತೆ. ಹಾಗಾಗಿ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯೋ ಕಡ್ಡಿ) ಎಳೆದಾಗ ಆಯಿಲ್ ಮ್ಯಾಕ್ಸ್ ಗೆರೆ ದಾಟಿದ್ರೆ, ಓನರ್ ಧಾರಾಳವಾಗಿ ಹಾಕಿದ್ದಾನೆ ಅಂತ ಖುಷಿ ಪಡಬೇಡಿ. ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತೆ.

ಹೊಳಪಿಗೆ ಮರುಳಾದವನು ನಾನೂ ಹೌದು. ನಾಲ್ಕು ವರ್ಷದ ಹಿಂದೆ ಹಾಗೇ ಫಳಫಳ ಅಂತಿದ್ದ ಒಂದು ಎಸ್‌ಯುವಿ ತಂದೆ. ಆರನೇ ತಿಂಗಳಿಗೆ ಕಿಟಕಿಗಳು ತಮ್ಮಷ್ಟಕ್ಕೆ ತಾವೇ ಇಳಿಯೋಕೆ ಶುರು. ಮೆಕ್ಯಾನಿಕ್ ಮ್ಯಾಟ್ ಕಿತ್ತು ನೋಡಿದ, ವೈರಿಂಗ್ ಕಟ್ಟಿನ ಸಂದಿಯಲ್ಲೆಲ್ಲ ನಯವಾದ ಕೆಸರು ಒಣಗಿ ಕೂತಿತ್ತು. ಗಾಡಿ ಪ್ರವಾಹದಲ್ಲಿ ಮುಳುಗೆದ್ದದ್ದು. ಆಮೇಲೆ ಡ್ರೈವರ್ ಕಡೆ ಸೀಟ್ ಬೆಲ್ಟನ್ನ ತುದಿ ತನಕ ಎಳೆದೆ, ಕೊನೇ ಒಂದು ಗೇಣು ಪಟ್ಟಿಯಲ್ಲಿ ಕಂದು ಗೆರೆ. ಎಲ್ಲವನ್ನೂ ತೊಳೆದಿದ್ದರು, ಅಲ್ಲಿಗೆ ಮಾತ್ರ ಕೈ ಹೋಗಿರಲಿಲ್ಲ. ಕೊಳ್ಳೋ ದಿನ ಎಳೆದಿದ್ರೆ ಹತ್ತು ಸೆಕೆಂಡಿನ ಕೆಲಸ.

ಹೋಗೋ ಮುಂಚೆ ಎರಡೂ ಕಡೆಯವರಿಗೆ ಹೇಳಿಡಿ, ‘ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ’ ಅಂತ. ತಣ್ಣಗಿರೋ ಇಂಜಿನ್ ಏಳೋ ಸದ್ದು, ಮೊದಲ ಹೊಗೆ, ಗೇರ್ ಹಾಕಿದಾಗಿನ ತಡವರಿಕೆ, ಇವೆಲ್ಲ ಬಿಸಿ ಆದ್ಮೇಲೆ ಮುಚ್ಚಿಹೋಗುತ್ತೆ. ಬ್ರೇಕ್ ಒತ್ತಿ ಡಿಗೆ ಹಾಕಿ, ಆಮೇಲೆ ಆರ್‌ಗೆ. ಧಡ್ ಅಂದ್ರೆ, ಇಲ್ಲಾ ಗೇರ್ ಹಿಡಿಯೋಕೆ ಎರಡು ಸೆಕೆಂಡ್ ಯೋಚನೆ ಮಾಡಿದ್ರೆ ಗೇರ್‌ಬಾಕ್ಸ್ ಬಗ್ಗೆ ಎಚ್ಚರ. ಒಂದು ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್‌ಗೆ ಚುಚ್ಚಿ ದೋಷ ಓದೋ ಸಾಧನ) ಸಾಲ ತಗೊಂಡು ಹೋಗಿ. ದೋಷದ ಕೋಡ್ ಇದೆಯಾ ಅಂತ ನೋಡಿದ್ರೆ ಸಾಲದು, ಯಾರು ಬೇಕಾದ್ರೂ ಅಳಿಸಬಹುದು. ‘ರೆಡಿನೆಸ್’ ಪುಟ ತೆಗೀರಿ, ಗಾಡಿ ತನ್ನನ್ನ ತಾನೇ ಮಾಡ್ಕೊಳ್ಳೋ ಪರೀಕ್ಷೆಗಳು ಮುಗಿದಿವೆಯಾ ಅಂತ ಅಲ್ಲಿರುತ್ತೆ. ಕೋಡ್ ಅಳಿಸಿದ್ರೆ ಈ ಪರೀಕ್ಷೆಗಳೆಲ್ಲ ‘ನಾಟ್ ರೆಡಿ’ಗೆ ಹೋಗುತ್ತವೆ, ಮತ್ತೆ ತುಂಬೋಕೆ ಕೆಲವು ದಿನದ ಓಡಾಟ ಬೇಕು. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅಂತಲೂ ಬಹಳಷ್ಟು ಗಾಡಿ ಹೇಳುತ್ತವೆ.

ಎರಡನೇದಕ್ಕೆ ಟೈರ್ ನೋಡಿ. ಟೈರಿನ ಪಕ್ಕದ ಗೋಡೆ ಮೇಲೆ DOT ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕೆ 1421 ಅಂದ್ರೆ 2021ರ 14ನೇ ವಾರ. ಆಲ್ ವೀಲ್ ಡ್ರೈವ್‌ನಲ್ಲಿ ನಾಲ್ಕೂ ಒಂದೇ ಥರ ಸವೆದಿರಬೇಕು. ಒಂದು ಹೊಸದು ಮೂರು ಹಳೇದು ಆದ್ರೆ ಚಕ್ರಗಳ ಸುತ್ತಳತೆ ಬೇರೆ ಬೇರೆ ಆಗಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ನಡುವಿನ ಕಪ್ಲಿಂಗ್ ಸುಮ್ಮನೆ ತೇಯುತ್ತೆ. ಒಣ ನೆಲದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಗಾಡಿ ಕುಪ್ಪಳಿಸಿದ ಹಾಗಾದ್ರೆ, ಟಕಟಕ ಅಂದ್ರೆ ಅಲ್ಲೇ ಬಿಡಿ.

ಬಿಳಿಬಾನೆಟ್

ಗ್ರೀಸ್‌ಕೈ ಡೀಸೆಲ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೆದರಿಸಿದ್ರಿ. ನನ್ನದು 1,90,000 ದಾಟಿದೆ, ಡಿಪಿಎಫ್ ಒಂದು ದಿನ ತೊಂದರೆ ಕೊಟ್ಟಿಲ್ಲ. ಹಾಂ, ನಂದು ದಿನಾ 70 ಕಿ.ಮೀ. ಹೈವೇ, ಅದನ್ನ ಒಪ್ಕೋತೀನಿ.

ಇನ್ನೆರಡು ಮಾತು. ಮೊದಲನೇದರಲ್ಲಿ ವಾಲ್ವು, ಪಿಸ್ಟನ್ ತಾಳ ತಪ್ಪದ ಹಾಗೆ ನೋಡ್ಕೊಳ್ಳೋದು ಟೈಮಿಂಗ್ ಬೆಲ್ಟೋ ಚೈನೋ ಕೇಳಿ. ಬೆಲ್ಟ್ ಆದ್ರೆ ಅದಕ್ಕೆ ಕಿ.ಮೀ. ಲೆಕ್ಕದ ಜೊತೆ ವರ್ಷದ ಲೆಕ್ಕವೂ ಇರುತ್ತೆ, ಕಮ್ಮಿ ಓಡಿದೆ ಅಂತ ಸುಮ್ಮನಿರೋಕಾಗಲ್ಲ. ತುಂಡಾದ್ರೆ ಹೆಚ್ಚಿನ ಇಂಜಿನ್‌ಗಳಲ್ಲಿ ವಾಲ್ವು ಪಿಸ್ಟನ್‌ಗೆ ಹೊಡೆದು ಕಥೆ ಮುಗಿಯುತ್ತೆ. ಇನ್ನೊಂದು ಏರ್‌ಬ್ಯಾಗ್. 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಕೊಟ್ಟು ರೀಕಾಲ್, ಅಂದ್ರೆ ದೋಷ ಸರಿಮಾಡೋಕೆ ಕಂಪನಿ ವಾಪಸ್ ಕರೆದದ್ದು, ಬಾಕಿ ಇದೆಯಾ ಕೇಳಿ. ದೋಷದ ಏರ್‌ಬ್ಯಾಗ್ ಮಾಡಿದ ಟಕಾಟಾ ಕಂಪನಿ 2017ರಲ್ಲೇ ದಿವಾಳಿ ಅಂತ ಕೈ ಎತ್ತಿದ್ರೂ, ಅದರ ಇನ್‌ಫ್ಲೇಟರ್ (ಏರ್‌ಬ್ಯಾಗ್ ಉಬ್ಬಿಸೋ ಭಾಗ) ಬದಲಾಯಿಸದ ಹಳೇ ಗಾಡಿಗಳು ಈಗಲೂ ಕೈ ಬದಲಾಗ್ತಾ ಇವೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಅದು ಒಳ್ಳೇ ಸುದ್ದಿ ಅಲ್ಲ, ಯಾರೋ ಬಲ್ಬ್ ಕಿತ್ತಿರಬಹುದು.

ನಿಧಾನಸವಾರ

ಎರಡನ್ನೂ ನೋಡ್ಕೊಂಡು ಬಂದೆ.

ಫಳಫಳ ಗಾಡಿ: ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ರಾತ್ರಿಯೇ ಹೇಳಿದ್ದೆ, ಬೆಳಿಗ್ಗೆ ಏಳಕ್ಕೆ ಹೋದ್ರೆ ಬಾನೆಟ್ ಬೆಚ್ಚಗಿತ್ತು. ‘ಒರೆಸೋಕೆ ಈಚೆ ತೆಗೆದೆ’ ಅಂದರು. ಸ್ಕ್ಯಾನರ್ ಹಾಕಿದೆ, ಕೋಡ್ ಒಂದೂ ಇಲ್ಲ. ರೆಡಿನೆಸ್ ಪುಟದಲ್ಲಿ ಮಾತ್ರ ಸಾಲಾಗಿ ನಾಟ್ ರೆಡಿ. ಅಳಿಸಿದ ಮೇಲೆ ಓಡಿದ ದೂರ 11 ಕಿ.ಮೀ. ಯಾಕೆ ಅಂದೆ. ‘ಬ್ಯಾಟರಿ ಮೊನ್ನೆ ಬದಲಾಯಿಸಿದ್ದು, ಅದಕ್ಕೇ’ ಅಂದರು. ಬ್ಯಾಟರಿ ತೆಗೆದ್ರೂ ಹಾಗಾಗುತ್ತಂತೆ, ಅದು ನಿಜ ಇರಬಹುದು. ಆದ್ರೆ ಟರ್ಮಿನಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎತ್ತಿದ್ರೆ ಹಸಿರು ಪುಡಿ ಬೆರಳುದ್ದ ಬೆಳೆದಿತ್ತು. ಇಬ್ಬರೂ ಅದನ್ನ ನೋಡಿದ್ವಿ, ಇಬ್ಬರೂ ಮಾತಾಡಲಿಲ್ಲ. ಡಿಪ್‌ಸ್ಟಿಕ್ ಮೇಲೂ ಆಯಿಲ್ ಗೆರೆ ದಾಟಿ ಅರ್ಧ ಬೆರಳು.

ಮಾಸಲು ಗಾಡಿ: ತಣ್ಣಗಿತ್ತು. ಸ್ಟಾರ್ಟಿಗೆ ಒಂದು ಕ್ಷಣ ಕಿರ್ ಅಂತು, ಆಮೇಲೆ ಸದ್ದೇ ಇಲ್ಲ. ಸೀಟ್ ಬೆಲ್ಟ್ ಎಳೆದೆ, ಕಂದು ಗೆರೆ ಇಲ್ಲ. ಗೇರ್ ಧಡ್ ಅನ್ನಲಿಲ್ಲ, ಗೇರ್‌ಬಾಕ್ಸ್ ಆಯಿಲ್ 70,000ದಲ್ಲಿ ಬದಲಾಯಿಸಿದ ಬಿಲ್ ಫೈಲಲ್ಲಿತ್ತು. ಸುತ್ತು ಹಾಕಿದಾಗಲೂ ಕುಪ್ಪಳಿಸಲಿಲ್ಲ. ಆದ್ರೆ ಟೈರು ಮೂರು ಒಂದೇ ಥರ, ಹಿಂದಿನ ಎಡಗಡೆದು ಬೇರೆ ಕಂಪನಿದು, ಹೊಸದು. ಪಂಕ್ಚರ್ ಆಗಿ ಸೀಳಿಹೋಯ್ತು ಅಂತ ಹಿರಿಯರೇ ಮೊದಲು ಹೇಳಿದರು. ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಡೆಂಟಿರೋ ಬಾಗಿಲು ತೆಗೆದು ತಿರುಗಿ ಕೂತು, ಒಂದೊಂದೇ ಕಾಲು ಒಳಗೆ ತಗೊಂಡರು. ಯಾರ ಕೈಯನ್ನೂ ಕೇಳಲಿಲ್ಲ.

ಮುಂಗಡ ಕೊಟ್ಟು ಬಂದೆ. ಆ ಒಂದು ಟೈರ್ ಕಥೆ ಏನು ಮಾಡ್ಲಿ?

ಗ್ರೀಸ್‌ಕೈ

ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ಆ ಖರ್ಚನ್ನ ಬಾಕಿ ಹಣದಲ್ಲಿ ಹಿಡ್ಕೊಳ್ಳಿ. ಅಷ್ಟು ನೇರ ಮನುಷ್ಯ ಬೇಡ ಅನ್ನಲ್ಲ. ಗೇರ್‌ಬಾಕ್ಸ್ ಆಯಿಲ್ ಹಾಕಿಸಿ 62,000 ಕಿ.ಮೀ. ಆಯ್ತು, ಅದನ್ನೂ ಈಗಲೇ ಬದಲಾಯಿಸಿಬಿಡಿ, ಜೊತೆಗೆ ಹಿಂದಿನ ಚಕ್ರಗಳ ನಡುವಿನ ಗೇರ್ ಡಬ್ಬಿ, ಅಂದ್ರೆ ಡಿಫರೆನ್ಷಿಯಲ್ ಆಯಿಲ್ಲೂ. ಬ್ರೇಕ್ ಆಯಿಲ್ ಯಾವಾಗ ಹಾಕಿಸಿದ್ದು ಅಂತ ಫೈಲಲ್ಲಿ ಹುಡುಕಿ, ಎರಡು ವರ್ಷ ದಾಟಿದ್ರೆ ಅದೂ ಹೋಗಲಿ. ಹಳದಿ ಹೆಡ್‌ಲೈಟ್ ಒಂದು ಭಾನುವಾರದ ಕೆಲಸ, ನೀವೇ ಉಜ್ಜಬಹುದು. ಡೆಂಟಿಗೆ ಅವಸರ ಬೇಡ.