ಸಹಾಯ ಬೇಕು: ಸೇವೆ ‘ಆಕ್ಟಿವ್’ ಎಂದು ತೋರಿಸಿದರೂ ಉತ್ತರ ಕೊಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ನಾನು ಡೆಬಿಯನ್ 12 (ಒಂದು ಲಿನಕ್ಸ್ ವ್ಯವಸ್ಥೆ) ಇರುವ ಕಂಪ್ಯೂಟರಿನಲ್ಲಿ ಅಪಾಚೆ (ವೆಬ್ ಪುಟಗಳನ್ನು ಒದಗಿಸುವ ಪ್ರೋಗ್ರಾಂ) ಮತ್ತು ಮರಿಯಾಡಿಬಿ (ಮಾಹಿತಿ ಇಡುವ ಡೇಟಾಬೇಸ್) ಬಳಸಿ ನಡೆಸುತ್ತಿದ್ದೇನೆ. ಎರಡು ವಾರಗಳಲ್ಲಿ ಮೂರು ಸಲ ಪುಟವೇ ತೆರೆಯದೆ ಓದುಗರು ಬರಿಗೈಯಲ್ಲಿ ಮರಳಿದ್ದಾರೆ. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳೂ ಅವರಲ್ಲಿದ್ದುದರಿಂದ ನನಗೆ ಬಹಳ ಬೇಸರವಾಗಿದೆ. ಆದರೆ ಅದೇ ಹೊತ್ತಿನಲ್ಲಿ ಸೇವೆಗಳ ಸ್ಥಿತಿ ತಿಳಿಸುವ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಆಜ್ಞೆ ಎರಡೂ ಸೇವೆಗಳನ್ನು ‘ಆಕ್ಟಿವ್, ರನ್ನಿಂಗ್’ ಎಂದೇ ತೋರಿಸುತ್ತಿತ್ತು.

ಪ್ರೋಗ್ರಾಂ ನಿಂತುಹೋಗದೆ ಕೇವಲ ಸ್ತಬ್ಧವಾಗಿರುವುದರಿಂದ ಪ್ರೋಗ್ರಾಂ ವಿಫಲವಾಗಿ ನಿಂತರೆ ಮತ್ತೆ ಚಾಲನೆ ಮಾಡಿಸುವ ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಎಂಬ ಸಾಲು ಇಲ್ಲಿ ಉಪಯೋಗಕ್ಕೆ ಬರುತ್ತಿಲ್ಲ. ‘ವಾಚ್‌ಡಾಗ್‌ಸೆಕ್’ (ಸ್ತಬ್ಧವಾದ ಪ್ರೋಗ್ರಾಂ ಪತ್ತೆಹಚ್ಚುವ ಏರ್ಪಾಡು) ಬಳಸಬೇಕಾದರೆ ಪ್ರೋಗ್ರಾಂ ತಾನೇ, ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ಆಗಾಗ ಸೂಚನೆ ಕಳುಹಿಸುತ್ತಿರಬೇಕು. ಆದ್ದರಿಂದ 2 ನಿಮಿಷಕ್ಕೊಮ್ಮೆ ಟೈಮರ್ ಮೂಲಕ ‘ಕರ್ಲ್’ (ವೆಬ್ ಪುಟ ತರಿಸುವ ಆಜ್ಞೆ) ಬಳಸಿ ಹುಡುಕಾಟದ ಪುಟವನ್ನು ಕೇಳಿ, 10 ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಅಪಾಚೆಯನ್ನು ಮರುಚಾಲನೆ ಮಾಡುವ ಸ್ಕ್ರಿಪ್ಟ್ ಬರೆಯಬೇಕೆಂದಿದ್ದೇನೆ.

ಒಂದೇ ಸಲ ತಪ್ಪಿದೊಡನೆ ಮರುಚಾಲನೆ ಮಾಡುವುದು ಸರಿಯೇ, ಅಥವಾ ಸತತ ಮೂರು ಸಲ ತಪ್ಪುವವರೆಗೆ ಕಾಯಬೇಕೇ? ಮರಿಯಾಡಿಬಿಯ ಸಂಪರ್ಕಗಳ ಮಿತಿ ಮೂಲದಲ್ಲಿದ್ದಂತೆ 151 ಇದೆ. ಅದು ತುಂಬಿದ್ದರಿಂದಲೇ ಹೀಗಾಗುತ್ತಿದೆಯೇ ಎಂದು ತಿಳಿಯಲು, ಮರುಚಾಲನೆಗೆ ಮೊದಲು ಯಾವ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು? ಡಿಸ್ಕಿನಲ್ಲಿ ಸಾಕಷ್ಟು ಜಾಗವಿದೆ, ಕರ್ನಲ್ ಲಾಗಿನಲ್ಲಿ (ವ್ಯವಸ್ಥೆಯ ತಿರುಳಿನ ದಾಖಲೆಯಲ್ಲಿ) ಮೆಮೊರಿ ಕೊರತೆಯ ಸುಳಿವಿಲ್ಲ. ಇಂಥ ತೊಂದರೆ ಎದುರಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.